ಹುದುಗಿನ ಕೋಣೆ

ಶಿಚಿಯಾವ್ ಹಳ್ಳಿ, ಚುವಾನ್‌ಝೌ
೧೨ ಜೂನ್ ೧೯೮೪

ಸುಯಿಂಗ್,

ಸಂಜೆ ಆರೂವರೆ. ಬೆಳಿಗ್ಗೆ ನೀರು ತಂದೆ, ಗೆಣಸು ಹಾಕಿ ಗಂಜಿ ಮಾಡಿದೆ, ಹಿತ್ತಲ ಬಳ್ಳಿ ತಿರುವಿ ಹಾಕಿದೆ. ಮಧ್ಯಾಹ್ನ ಮಳೆ ಬಂದು ಒಣಹಾಕಿದ್ದ ಬಟ್ಟೆ ಮತ್ತೆ ಒದ್ದೆಯಾಯಿತು. ಇವತ್ತಿನ ದಿನ ಇಷ್ಟೇ.

ಇದು ನನ್ನ ಕೈಯಿಂದ ನಿನಗೆ ಮೊದಲ ಪತ್ರ. ಇಷ್ಟು ವರ್ಷ ನಿನ್ನಣ್ಣ ಬರೆಯುತ್ತಿದ್ದರು. ನಾನು ಎದುರು ಕೂತು ಅವರೆಕಾಯಿ ಸುಲಿಯುತ್ತ, ‘ನಾನೂ ಕೇಳಿದೆ ಅಂತ ಬರೀರಿ’ ಅನ್ನುತ್ತಿದ್ದೆ. ನನ್ನ ಅಕ್ಷರ ಚಳಿಗಾಲದ ರಾತ್ರಿಶಾಲೆಯಲ್ಲಿ ಕಲಿತದ್ದು. ತಪ್ಪಿದ್ದರೆ ನೀನೊಬ್ಬಳೇ ನಗು, ಬೇರೆಯವರಿಗೆ ತೋರಿಸಬೇಡ.

ನಿನ್ನಣ್ಣನ ನಲವತ್ತೊಂಬತ್ತನೇ ದಿನದ ಕಾರ್ಯ ಮುಗಿಯಿತು. ನೀನು ಬರಲಾಗಲಿಲ್ಲವೆಂದು ಇಲ್ಲಿ ಯಾರೂ ಏನೂ ಅನ್ನಲಿಲ್ಲ. ತಂತಿ ನಿನಗೆ ಮುಟ್ಟುವ ಹೊತ್ತಿಗೆ ಮಣ್ಣಾಗಿತ್ತು.

ಅವರ ಹೆಸರಿನ ಫಲಕವನ್ನು ನಡುಮನೆಯಲ್ಲಿ ಇಡಲಿಲ್ಲ. ಹುದುಗಿನ ಕೋಣೆಯಲ್ಲೇ ಇಟ್ಟಿದ್ದೇನೆ, ಕಿಟಕಿಯ ಪಕ್ಕ. ಬದುಕಿದ್ದಾಗ ಅವರು ನಡುಮನೆಯಲ್ಲಿ ಕೂತದ್ದೇ ಕಡಿಮೆ. ಪಕ್ಕದ ಮನೆಯ ಛಾಯ್ ಅಜ್ಜಿ ಬಂದು ನೋಡಿ, ‘ಸತ್ತವ್ರಿಗೆ ನಡುಮನೆ ಅಂತ ಒಂದಿದೆ ಕಣೇ, ಗೋಧಿಮೂಟೆ ಪಕ್ಕ ಕೂರಿಸಿದ್ದೀಯಲ್ಲ, ಇಲಿ ಕಾಯೋಕಾ?’ ಅಂದಳು. ಅನ್ನಲಿ. ಹೊತ್ತಿಗೆ ಮೂರು ಕಡ್ಡಿಯಂತೆ ದಿನಕ್ಕೆ ಮೂರು ಹೊತ್ತು ಧೂಪ ಹಚ್ಚುತ್ತೇನೆ. ಬಾಗಿಲು ಹಾಕಿಕೊಂಡರೆ ಅಲ್ಲಿ ಅವರಿದ್ದಂತೆಯೇ ಇರುತ್ತದೆ.

ಈಗ ಬರೆಯಬೇಕಾದ ಮಾತಿಗೆ ಬರುತ್ತೇನೆ. ಆರನೇ ತಿಂಗಳ ಆರನೇ ದಿನ ಹತ್ತಿರ ಬಂತು. ನಿಮ್ಮ ಮನೆಯಲ್ಲಿ ಆ ದಿನ ಹೊಟ್ಟೆಮದ್ದಿನ ಹುದುಗು ಬಿಲ್ಲೆ ಕಟ್ಟುವುದು ಮೂರು ತಲೆಮಾರಿನಿಂದ ತಪ್ಪಿಲ್ಲ. ಆದರೆ ಕೆಲಸ ಯಾವಾಗಲೂ ಎರಡು ಪಾಲು. ಸೊಪ್ಪು ಗಂಡಸಿನದು, ಕೋಣೆ ಹೆಂಗಸಿನದು. ಅತ್ತೆ ನನಗೆ ಕೋಣೆಯನ್ನು ಕಲಿಸಿದರು. ಹಿಟ್ಟು, ತೌಡು, ಕೆಂಪು ಕಾಳು, ಜರ್ದಾಳು ಬೀಜ, ಇವುಗಳ ಲೆಕ್ಕ ನನಗೆ ಗೊತ್ತು. ಸೊಪ್ಪು ಮೂರೂ ಅರೆದ ರಸವಾಗಿಯೇ ನನ್ನ ಕೈಗೆ ಬರುತ್ತಿತ್ತು. ಯಾವುದನ್ನು ಯಾವಾಗ ಕೊಯ್ಯಬೇಕು, ಎಷ್ಟೆಷ್ಟು, ನಾನು ಕೇಳಲೇ ಇಲ್ಲ. ಕೇಳುವ ಅಗತ್ಯ ಬರುತ್ತದೆ ಎಂದು ಅನಿಸಿರಲಿಲ್ಲ.

ಮದ್ದಿನಂಗಡಿಯ ಝುವಾಂಗ್ ಹಿರಿಯರು ನಿನ್ನೆ ಬಂದಿದ್ದರು. ‘ಬೀಚಿನ್, ಎಂಟನೇ ತಿಂಗಳ ಹುಣ್ಣಿಮೆಗೆ ಊರೆಲ್ಲ ಹೊಟ್ಟೆ ಬಿರಿಯೋ ಹಾಗೆ ತಿಂದು ನನ್ನ ಬಾಗ್ಲಿಗೆ ಬರುತ್ತೆ. ಅಷ್ಟರೊಳಗೆ ಬಿಲ್ಲೆ ಕೊಟ್ರೆ ನಿಮ್ಮನೆ ಚೀಟಿ ಡ್ರಾಯರ್ ಮೇಲೆ ಇರುತ್ತೆ. ಇಲ್ದಿದ್ರೆ ನಗರದ ಕಾರ್ಖಾನೆ ಪೊಟ್ಟಣ ತುಂಬಿಸ್ಬೇಕು. ಒಂದ್ಸಲ ತುಂಬಿಸಿದ್ಮೇಲೆ ಯಾರೂ ವಾಪಸ್ ತೆಗೆಯೋದಿಲ್ಲ ನೋಡು’ ಅಂದರು. ಅವರದು ತಪ್ಪಿಲ್ಲ. ಮಕ್ಕಳ ಹೊಟ್ಟೆಯುಬ್ಬರ ನನ್ನ ದುಃಖ ಮುಗಿಯುವವರೆಗೆ ಕಾಯುವುದಿಲ್ಲ.

ಆ ಡ್ರಾಯರಿನ ಮೇಲೆ ನಿಮ್ಮ ಮನೆತನದ ಹೆಸರಿಟ್ಟು ‘ಕೆ ಮನೆಯ ಹುದುಗು’ ಎಂದು ಬರೆದದ್ದು ನಿನ್ನಣ್ಣ. ಆ ಚೀಟಿ ಕಿತ್ತು ಹೋಗುವುದನ್ನು ನಾನು ನೋಡಲಾರೆ.

ಚಿಕ್ಕವಳಿದ್ದಾಗ ಅಪ್ಪನ ಜೊತೆ ಸೊಪ್ಪಿಗೆ ಹೋದದ್ದೇನಾದರೂ ನೆನಪಿದ್ದರೆ ಬರೆ.

ಅತ್ತಿಗೆ ಬೀಚಿನ್


ಉಣ್ಣೆ ಗಿರಣಿ ವಸತಿ, ಲಾಂಝೌ
೨೩ ಜೂನ್ ೧೯೮೪

ಅತ್ತಿಗೆ,

ಪತ್ರ ಬಂದು ಎರಡು ದಿನ ಒಡೆಯದೆ ಇಟ್ಟಿದ್ದೆ. ಲಕೋಟೆಯ ಮೇಲೆ ನಮ್ಮೂರಿನ ಮುದ್ರೆ, ಅಕ್ಷರ ಅಣ್ಣನದಲ್ಲ.

ಹುದುಗಿನ ವಿಷಯ ನನ್ನನ್ನು ಕೇಳುತ್ತೀರಿ. ನನಗೇನು ಗೊತ್ತು? ಒಂಬತ್ತು ವರ್ಷದವಳಿದ್ದಾಗ ಆ ಕೋಣೆಯ ಹೊಸ್ತಿಲು ದಾಟಿದ್ದಕ್ಕೆ ಅಮ್ಮ ಸೌಟಿನಲ್ಲಿ ಬಾರಿಸಿದ್ದಳು. ‘ಸೊಸೆಗೆ ಹೇಳು, ಮಗಳಿಗೆ ಬೇಡ. ಮಗಳು ಬಾಗಿಲಾಚೆ ಚೆಲ್ಲೋ ನೀರು, ಹೋಗೋವಾಗ ಮನೆ ಮದ್ದನ್ನೂ ಹೊತ್ಕೊಂಡು ಹೋಗ್ತಾಳೆ’ ಅಂತ. ಬಾಸುಂಡೆ ಮಾಯಿತು, ಆ ಮಾತು ಮಾಯಲಿಲ್ಲ. ನೀವು ಮದುವೆಯಾಗಿ ಬಂದ ಮೂರನೇ ದಿನಕ್ಕೆ ಕೋಣೆಯ ಬೀಗದಕೈ ನಿಮ್ಮ ಸೊಂಟದಲ್ಲಿತ್ತು. ನಿಮ್ಮನ್ನು ದೂರುತ್ತಿಲ್ಲ, ಇದ್ದದ್ದನ್ನು ಹೇಳಿದೆ.

ಚೆಲ್ಲಿದ ನೀರಿಗೆ ಎಷ್ಟು ನೆನಪಿದೆ ಎಂದು ನೋಡಲು ಕೇಳಿದ್ದಾದರೆ, ಏನೂ ನೆನಪಿಲ್ಲ. ಊರಿನ ಯಾವ ಮಗುವಿಗಾದರೂ ಗೊತ್ತಿರುವಷ್ಟು ಬರೆಯುತ್ತೇನೆ. ನೀರಂಚಿನ ಖಾರದ ಸೊಪ್ಪನ್ನು ಹೂ ಕೆಂಪಾಗುವ ಮೊದಲು ಕೊಯ್ಯಬೇಕು. ಬಟ್ಟೆಗೆ ಅಂಟುವ ಮುಳ್ಳುಕಾಯಿ ಗಿಡದ್ದು ಎಳೆ ತುದಿ ಮಾತ್ರ. ಮಾಚಿಪತ್ರೆ ಇಬ್ಬನಿ ಆರುವ ಮುಂಚೆ. ಮೂರೂ ಸಮ ತೂಕ, ಅರೆದ ದಿನವೇ ಬಳಸಬೇಕು.

ಇಲ್ಲಿ ಎಲ್ಲ ಸರಿಯಾಗಿದೆ. ಮಗ್ಗದ ಸದ್ದಿಗೆ ಕಿವಿ ಮಂದವಾಗಿದೆ, ಅಷ್ಟೇ. ನಮ್ಮ ಮನೆಯವರು ಮೂರು ಹೊತ್ತೂ ನೂಡಲ್ ಎಂದರೂ ಸೈ ಅನ್ನುವ ಜನ. ನಾನೂ ಚೆನ್ನಾಗಿ ಉಣ್ಣುತ್ತಿದ್ದೇನೆ.

ಸುಯಿಂಗ್


ಶಿಚಿಯಾವ್
೫ ಜುಲೈ ೧೯೮೪

ಸುಯಿಂಗ್,

ಮಧ್ಯಾಹ್ನ ಮೂರು ಗಂಟೆ. ಬೆನ್ನು ಎತ್ತಲಾಗುತ್ತಿಲ್ಲ, ಆದರೆ ಇದು ಒಳ್ಳೆಯ ನೋವು. ನಿನ್ನೆ ಬಿಲ್ಲೆ ಕಟ್ಟಿದೆ.

ನಿನ್ನ ಪತ್ರ ಒಂದನೇ ತಾರೀಕು ಬಂತು. ಏನೂ ಗೊತ್ತಿಲ್ಲ ಎಂದವಳು ಮೂರು ಸೊಪ್ಪಿನ ತೂಕವನ್ನೇ ಬರೆದಿದ್ದೀಯ. ನಿನ್ನನ್ನು ಪರೀಕ್ಷೆ ಮಾಡಲು ಕೇಳಿದ್ದಲ್ಲ. ಕೇಳಲು ನನಗೆ ಬೇರೆ ಯಾರೂ ಇಲ್ಲ. ಸೊಸೆಗೆ ಹೇಳು ಎಂದರು ಅತ್ತೆ. ನನಗೆ ಮಕ್ಕಳಾಗಲಿಲ್ಲ, ಇನ್ನು ಸೊಸೆ ಎಲ್ಲಿಂದ ಬರಬೇಕು?

ನಾಲ್ಕೂವರೆಗೆ ಎದ್ದು ಕೆರೆಯಂಚಿಗೆ ಹೋದೆ. ಮೊಣಕಾಲುದ್ದ ನೀರಲ್ಲಿ ನಿಂತು ಖಾರದ ಸೊಪ್ಪು ಕೊಯ್ದೆ. ಕೈಯುಜ್ಜಿದ ಕಡೆಯೆಲ್ಲ ಉರಿ. ವರ್ಷವೂ ಅವರ ಕಣ್ಣು ಆ ದಿನ ಕೆಂಪಗಿರುತ್ತಿದ್ದುದು ಯಾಕೆಂದು ಈಗ ತಿಳಿಯಿತು. ಎಲೆ ಮುಟ್ಟಿದ ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಿರಬೇಕು. ನಿದ್ದೆಗೆಟ್ಟು ಹಾಗಾಗುತ್ತದೆ ಎಂದುಕೊಂಡು ಅವರನ್ನು ಬೈಯುತ್ತಿದ್ದೆ.

ಹಿಟ್ಟು, ತೌಡು, ಕಾಳು, ಬೀಜ ಕೂಡಿಸಿ ರಸ ಹಾಕಿ ಕಲಸಿದೆ. ‘ಹಿಡಿದ್ರೆ ಮುದ್ದೆ ಆಗ್ಬೇಕು, ಬಿಟ್ರೆ ಪುಡಿ ಆಗ್ಬೇಕು’ ಎಂದು ಅತ್ತೆ ಹೇಳಿಕೊಟ್ಟಂತೆ. ಚೌಕಟ್ಟಿಗೆ ತುಂಬಿ, ಮೇಲೆ ಬಟ್ಟೆ ಹಾಸಿ ತುಳಿಯಬೇಕಲ್ಲ, ಅದಕ್ಕೆ ನನ್ನೊಬ್ಬಳ ಭಾರ ಸಾಲಲಿಲ್ಲ. ಛಾಯ್ ಅಜ್ಜಿಯನ್ನು ಕರೆದೆ. ‘ಎಪ್ಪತ್ತಾರು ವರ್ಷಕ್ಕೆ ಕುಣಿಯೋಕೆ ಕರೀತೀಯಲ್ಲೇ’ ಅನ್ನುತ್ತ ನನ್ನ ಹೆಗಲು ಹಿಡಿದು ತುಳಿದಳು. ಆಮೇಲೆ, ‘ನಿಮ್ಮತ್ತೆ ಕಂಡಿದ್ರೆ ನನ್ನ ಕಾಲು ಮುರೀತಿದ್ಲು’ ಅಂದಳು. ಮೂರು ತಿಂಗಳಲ್ಲಿ ಮೊದಲ ಸಲ ನಕ್ಕೆ.

ಕತ್ತರಿಸಿ, ಹುಲ್ಲಿನ ಮೇಲೆ ಜೋಡಿಸಿ, ಹಿಪ್ಪುನೇರಳೆ ಎಲೆ ಹೊದಿಸಿ, ಸೆಣಬಿನ ಚೀಲ ಮುಚ್ಚಿದೆ. ಕಿಟಕಿ ಮುಚ್ಚಿದೆ. ನಾಲ್ಕನೇ ದಿನಕ್ಕೆ ಹಳದಿ ಅಂಗಿ ತೊಡಬೇಕು. ಅತ್ತೆ ಆ ಬೂಷ್ಟಿಗೆ ಬೇರೆ ಹೆಸರು ಹೇಳಿದ್ದನ್ನು ನಾನು ಕೇಳಲಿಲ್ಲ. ಅಂಗಿ ತೊಡ್ತಾ, ತೊಟ್ಟಾಯ್ತಾ, ಇಷ್ಟೇ.

ನಿನ್ನಣ್ಣನಿಗೂ ಹೇಳಿದೆ. ಸೊಪ್ಪು ನಿಮ್ಮ ತಂಗಿಯದು, ಕೈ ನನ್ನದು, ನೀವು ಕಾವಲಿರಿ ಎಂದು. ಬಿಲ್ಲೆ ಮಾಗುವವರೆಗೆ ಕಡ್ಡಿ ಆರದಂತೆ ನೋಡಿಕೊಳ್ಳುತ್ತಿದ್ದೇನೆ.

ಬೀಚಿನ್


ಶಿಚಿಯಾವ್
೧೪ ಜುಲೈ ೧೯೮೪

ಸುಯಿಂಗ್,

ಬೆಳಿಗ್ಗೆ ಹತ್ತು ಗಂಟೆ. ಸೆಕೆ. ಬಾವಿಯ ಹಗ್ಗ ಹರಿಯಿತು, ಹೊಸದು ಹೊಸೆದೆ.

ಬಿಲ್ಲೆಗಳು ಆದವು. ಇನ್ನೊಂದು ಸಲವೂ ಕಟ್ಟಿದ್ದೇನೆ, ಸೊಪ್ಪು ಇನ್ನೂ ಎಳಸಾಗಿದೆ ಎಂದು. ಝುವಾಂಗ್ ಹಿರಿಯರಿಗೆ ಇನ್ನೂ ತೋರಿಸಿಲ್ಲ, ಅವರಿಗೆ ಬಿಡುವಿಲ್ಲ. ಈ ಸಲ ಮಾಚಿಪತ್ರೆ ಸ್ವಲ್ಪ ಹೆಚ್ಚು ಹಾಕಬಹುದೋ ಏನೋ.

ಕೋಣೆ ಬಿಟ್ಟು ಹೆಚ್ಚು ಹೊರಗೆ ಬರುವುದಿಲ್ಲ. ಧೂಪದ ಕಡ್ಡಿ ಮೂರು ಕಟ್ಟು ಮುಗಿಯಿತು, ಪೇಟೆಯಿಂದ ಇನ್ನೈದು ತಂದೆ.

ನೀನು ಆರೋಗ್ಯವೇ?

ಬೀಚಿನ್


ತಂತಿ
ಲಾಂಝೌ, ೨೨ ಜುಲೈ ೧೯೮೪

ಮತ್ತೆ ಕಟ್ಟಬೇಡಿ. ಪತ್ರ ಬರುತ್ತಿದೆ. ಸುಯಿಂಗ್


ಶಿಚಿಯಾವ್
೨೪ ಜುಲೈ ೧೯೮೪

ಸುಯಿಂಗ್,

ಸಂಜೆ ಐದು ಗಂಟೆ. ನಿನ್ನ ತಂತಿ ನಿನ್ನೆ ಬಂತು. ಅಂಚೆಯವನು ಸೈಕಲ್ ಮೇಲೆ ಕೂತೇ ಓದಿ ಹೇಳಿದ. ಓಣಿಯವರೆಲ್ಲ ಕೇಳಿಸಿಕೊಂಡರು.

ನೀನು ಬೇಡ ಎಂದಮೇಲೆ ಕಟ್ಟುವುದಿಲ್ಲ. ನೀನು ಆ ಮನೆಯ ಮಗಳು, ನಾನು ಹೊರಗಿನಿಂದ ಬಂದವಳು. ಅವರಿಲ್ಲದ ಮೇಲೆ ಆ ಮದ್ದಿನ ಮೇಲೆ ನನಗೇನು ಹಕ್ಕಿದೆ ಎಂದು ನಿನಗನಿಸಿದ್ದರೆ ಅದು ತಪ್ಪಲ್ಲ. ಅದನ್ನು ಪತ್ರದಲ್ಲೇ ಹೇಳಬಹುದಾಗಿತ್ತು.

ಹೇಗೂ ಬೀಗ ಹಾಕುವವಳಿದ್ದೇನೆ, ನಿಜ ಹೇಳಿಬಿಡುತ್ತೇನೆ. ಬಿಲ್ಲೆಗಳು ಆದವು ಎಂದು ಬರೆದೆನಲ್ಲ, ಆಗಲಿಲ್ಲ. ಮೊದಲ ಸಲ ಎಂಟನೇ ದಿನದವರೆಗೂ ಬರಿ ಮೈಯಲ್ಲಿ ಕೂತಿದ್ದವು. ಒಂಬತ್ತನೇ ದಿನ ಅಂಚಿನಲ್ಲಿ ಕಪ್ಪು ಚುಕ್ಕೆ. ಎರಡನೇ ಸಲ ಐದನೇ ದಿನಕ್ಕೇ ಕಪ್ಪು. ಮೂರನೇ ಸಲವೂ ಹಾಗೆಯೇ. ಮೂರನ್ನೂ ಬುಟ್ಟಿಯಲ್ಲಿ ಹೊತ್ತು ಗೊಬ್ಬರದ ಗುಂಡಿಗೆ ಸುರಿದೆ. ಛಾಯ್ ಅಜ್ಜಿ ಕಂಡರೂ ಕಾಣದವಳಂತೆ ಅತ್ತ ತಿರುಗಿ ಕೋಳಿ ಕರೆಯುತ್ತ ನಿಂತಳು. ಅವಳ ಹತ್ತಿರ ಕೋಳಿಯೇ ಇಲ್ಲ.

ತಪ್ಪು ಸೊಪ್ಪಿನಲ್ಲಿರಬೇಕು ಎಂದುಕೊಂಡೆ. ಕೋಣೆಯ ಕೆಲಸ ಇಪ್ಪತ್ತೆರಡು ವರ್ಷದಿಂದ ನನ್ನದೇ. ಅಲ್ಲಿ ನನ್ನ ಕೈ ತಪ್ಪುವುದಿಲ್ಲ.

ಅವರ ಫಲಕದ ಮುಂದೆ ಕೂತರೆ ನಾಚಿಕೆಯಾಗುತ್ತದೆ.

ಬೀಚಿನ್


ಲಾಂಝೌ
೨೫ ಜುಲೈ ೧೯೮೪

ಅತ್ತಿಗೆ,

ತಂತಿ ಕೊಟ್ಟು ಮೂರು ದಿನವಾಯಿತು. ಪತ್ರ ಬರುತ್ತಿದೆ ಎಂದೆ, ಬರೆದಿರಲಿಲ್ಲ. ಮೂರು ಸಲ ಬರೆದು ಹರಿದೆ. ನಾನು ಹೇಳಬೇಕಾದ್ದು ಎರಡು ಮಾತು. ಸುಲಭದ್ದನ್ನು ಮೊದಲು ಹೇಳುತ್ತೇನೆ. ಅದೂ ಸುಲಭದ್ದಲ್ಲ.

ನನಗೆ ಹುದುಗು ಗೊತ್ತು. ಹೋದ ವರ್ಷದವರೆಗೆ ಹದಿನಾಲ್ಕು ಬೇಸಿಗೆ ಇಲ್ಲಿ ಕಟ್ಟಿದ್ದೇನೆ.

ಇಲ್ಲಿಗೆ ಬಂದ ಹೊಸದರಲ್ಲಿ ಈ ಗೋಧಿಯ ಊರಿನ ಊಟ ನನಗೆ ದಕ್ಕುತ್ತಿರಲಿಲ್ಲ. ಅಣ್ಣನಿಗೆ ಬರೆದೆ. ಅಣ್ಣ ಹೊಸವರ್ಷಕ್ಕೆ ಒಂದು ಬಿಲ್ಲೆ ಕಳಿಸಿದ. ಆಮೇಲೆ ವರ್ಷಕ್ಕೊಂದು. ಮತ್ತೆ, ನಿಮ್ಮೆದುರೇ ಕೂತು ಬರೆಯುತ್ತಿದ್ದನಲ್ಲ, ಆ ಪತ್ರಗಳಲ್ಲಿ ಹೊಲದ ಸುದ್ದಿಯ ನಡುವೆ ಒಂದೊಂದು ಸಾಲು ಇರುತ್ತಿತ್ತು. ‘ಈ ಸಲ ಖಾರದ ಸೊಪ್ಪು ಬೇಗ ಕೆಂಪಾಯಿತು, ಅದಕ್ಕೇ ಮೊದಲೇ ಕೊಯ್ದೆ.’ ‘ಮೂರೂ ಸಮ ತೂಗಿದೆ.’ ನಾಲ್ಕೈದು ವರ್ಷ ಆದಮೇಲೆ ನನಗೆ ಹೊಳೆಯಿತು. ಸೌಟಿನ ಪೆಟ್ಟು ತಿಂದ ದಿನ ಅಣ್ಣ ಬಾಗಿಲ ಹತ್ತಿರವೇ ನಿಂತಿದ್ದ. ಅಮ್ಮನಿಗೆ ಎದುರು ಹೇಳುವ ಜಾತಿಯಲ್ಲ ಅವನು. ಹೀಗೆ ಹೇಳಿಕೊಟ್ಟ.

ಅದಕ್ಕೇ ನೀವು ಕೇಳಿದಾಗ ಹೆದರಿದೆ. ಅಣ್ಣ ಸತ್ತಮೇಲೆ ಅವನ ಕಳ್ಳತನ ಅವನ ಹೆಂಡತಿಗೆ ಗೊತ್ತಾಗುವುದು ಬೇಡ ಎಂದು ಒರಟಾಗಿ ಬರೆದೆ.

ಸೊಪ್ಪು ಅಣ್ಣ ಕಲಿಸಿದ. ಕೋಣೆಯನ್ನು ಯಾರೂ ಕಲಿಸಲಿಲ್ಲ. ಅವನಿಗೂ ಗೊತ್ತಿರಲಿಲ್ಲವಲ್ಲ. ಎಂಟು ಬೇಸಿಗೆ ಕೆಟ್ಟಿತು. ಗಾಳಿ ಒಣಗಿದ್ದಕ್ಕೆ ಎಂದುಕೊಂಡು ಒದ್ದೆ ಬಟ್ಟೆ ಕಟ್ಟಿದೆ. ಆಗಲೂ ಕಪ್ಪು. ನಮ್ಮದು ಒಂದೇ ಕೋಣೆಯ ಮನೆ, ಅಲ್ಲೇ ಕಲ್ಲಿದ್ದಲ ಒಲೆ. ಒಂಬತ್ತನೇ ವರ್ಷ ಒಲೆ ಕೆಟ್ಟು ರಿಪೇರಿಗೆ ಹೋಗಿತ್ತು. ಆ ವಾರ ಕಟ್ಟಿದ್ದು ನಾಲ್ಕನೇ ದಿನಕ್ಕೆ ಹಳದಿ ಅಂಗಿ ತೊಟ್ಟು ಕೂತಿತ್ತು. ಆಗ ನೆನಪಾಯಿತು. ಅಪ್ಪನ ಹುಕ್ಕಾವನ್ನು ಅಮ್ಮ ಆ ಹೊಸ್ತಿಲಲ್ಲೇ ಕಸಿದಿಡುತ್ತಿದ್ದಳು. ‘ಹೊಗೆ ಕುಡಿಯೋದಾದ್ರೆ ಹೊರಗೆ ಹೋಗಿ ಸಾಯಿ’ ಅನ್ನುತ್ತಿದ್ದಳು. ನೀವು ಬರುವ ಹೊತ್ತಿಗೆ ಅಪ್ಪ ಇರಲಿಲ್ಲ. ಅಣ್ಣ ಹೊಗೆ ಮುಟ್ಟಿದವನಲ್ಲ. ಹೇಳುವ ಸಂದರ್ಭವೇ ಬರಲಿಲ್ಲವೆಂದು ಅಮ್ಮ ನಿಮಗೆ ಹೇಳಲಿಲ್ಲ.

ನಿಮ್ಮ ಹದಿನಾಲ್ಕರ ಪತ್ರದಲ್ಲಿ ಬಿಲ್ಲೆ ಆಯಿತು ಎಂದಿದೆ. ಹಳದಿ ಅಂಗಿಯ ಮಾತೇ ಇಲ್ಲ. ಹುದುಗು ಕಟ್ಟಿದವರು ಬಣ್ಣ ಹೇಳದೆ ಪತ್ರ ಮುಗಿಸುವುದಿಲ್ಲ. ಅದರ ಕೆಳಗೆ, ಕಡ್ಡಿ ಮೂರು ಕಟ್ಟು ಮುಗಿಯಿತು ಎಂದಿದೆ.

ಎರಡನೇ ಮಾತು ಇದು ಅತ್ತಿಗೆ. ಅಣ್ಣನನ್ನು ಆ ಕೋಣೆಯಿಂದ ಹೊರಗೆ ಕರೆತನ್ನಿ. ಒಮ್ಮೆ ಮನೆಯಿಂದ ಕಳಿಸಿಕೊಟ್ಟಿದ್ದೀರಿ, ಈಗ ಇನ್ನೊಮ್ಮೆ ಎತ್ತಿ ಎಂದು ಹೇಳುತ್ತಿದ್ದೇನೆ. ಇದನ್ನು ತಂತಿಯಲ್ಲಿ ಹೇಗೆ ಹೇಳಲಿ? ಅದಕ್ಕೇ ಮತ್ತೆ ಕಟ್ಟಬೇಡಿ ಎಂದಷ್ಟೇ ಕೊಟ್ಟೆ, ಇನ್ನೊಂದು ಸಲ ಸೊಪ್ಪು ಹಾಳಾಗಬಾರದೆಂದು. ಎತ್ತಿದ ಮೇಲೆ ಗೋಡೆಗೆ ಸುಣ್ಣ ಬಳಿಯಿರಿ, ಮೂರು ದಿನ ಕಿಟಕಿ ತೆರೆದಿಡಿ.

ನಾನು ಚೆನ್ನಾಗಿ ಉಣ್ಣುತ್ತಿದ್ದೇನೆ ಎಂದು ಬರೆದದ್ದೂ ಸುಳ್ಳು. ಏಪ್ರಿಲಿನಿಂದ ಎರಡು ತುತ್ತಿಗಿಂತ ಹೆಚ್ಚು ಒಳಗೆ ನಿಲ್ಲುತ್ತಿಲ್ಲ. ಹೊಸವರ್ಷಕ್ಕೆ ಅಣ್ಣ ಕಳಿಸಿದ ಬಿಲ್ಲೆಯಲ್ಲಿ ಒಂದು ತುಂಡು ಉಳಿದಿದೆ. ಮನೆಯವರು ಕುದಿಸಿಕೋ ಅನ್ನುತ್ತಾರೆ. ಕುದಿಸಿದರೆ ಮುಗಿದುಹೋಗುತ್ತದೆ. ನಾನು ಹೋದ ವರ್ಷ ಕಟ್ಟಿದ್ದು ಮುಗಿದಿದೆ, ಈ ವರ್ಷ ಕಟ್ಟಿಲ್ಲ, ಕೈ ಏಳಲಿಲ್ಲ.

ಸುಯಿಂಗ್


ಶಿಚಿಯಾವ್
೫ ಆಗಸ್ಟ್ ೧೯೮೪

ಸುಯಿಂಗ್,

ಬೆಳಿಗ್ಗೆ ಏಳು ಗಂಟೆ. ಈಗಷ್ಟೇ ಗಂಜಿ ಕುಡಿದೆ. ಮೈಮೇಲೆಲ್ಲ ಸುಣ್ಣ.

ನಿನ್ನ ಪತ್ರ ಮೂವತ್ತನೇ ತಾರೀಕು ಮಧ್ಯಾಹ್ನ ಬಂತು. ನನ್ನ ಇಪ್ಪತ್ನಾಲ್ಕರ ಪತ್ರ ನಿನಗೆ ಮುಟ್ಟಿರುತ್ತದೆ. ಅದನ್ನು ಒಲೆಗೆ ಹಾಕು.

ನಿನ್ನಣ್ಣನ ಮೇಲೆ ಕೋಪ ಬಂತು. ಹತ್ತೊಂಬತ್ತು ವರ್ಷ ನನ್ನೆದುರು ಕೂತು ಬರೆದು, ‘ಏನು ಬರೆದ್ರಿ’ ಅಂದರೆ ‘ಹೊಲದ ಸುದ್ದಿ’ ಅನ್ನುತ್ತಿದ್ದರು. ಆ ಸಂಜೆ ಅವರಿಗೆ ಧೂಪ ಹಚ್ಚಲಿಲ್ಲ. ಮಾರನೇ ಬೆಳಿಗ್ಗೆಯೂ ಹಚ್ಚಲಿಲ್ಲ. ಮಾತಾಡಲೂ ಇಲ್ಲ. ಗಂಡ ಹೆಂಡಿರ ಮುನಿಸು ಹೇಗಿರುತ್ತದೆಂದು ನಿನಗೆ ಗೊತ್ತೇ ಇದೆ. ಮಧ್ಯಾಹ್ನ ಬಾಗಿಲು ತೆರೆದಾಗ ಮೂಗಿಗೆ ಬಡಿಯಿತು. ಇಪ್ಪತ್ತೆರಡು ವರ್ಷ ನನಗೆ ಗೊತ್ತಿದ್ದ ಆ ಹುಳಿಹಿಟ್ಟಿನ ವಾಸನೆ ಆ ಕೋಣೆಯಲ್ಲಿ ಇಲ್ಲವೇ ಇಲ್ಲ. ಬರೀ ಬೂದಿ. ತೊಲೆಗೆ ಕೈ ಸವರಿದರೆ ಮಸಿ. ಅಷ್ಟು ದಿನ ಅದರೊಳಗೇ ಕೂತಿದ್ದೆನಲ್ಲ, ಮೂಗಿಗೆ ಗೊತ್ತಾಗಿರಲಿಲ್ಲ. ಕೋಣೆಯಲ್ಲಿ ನನ್ನ ಕೈ ತಪ್ಪುವುದಿಲ್ಲ ಎಂದು ಬರೆದಿದ್ದೆ.

ಆದರೂ ಹೇಳದೆ ಎತ್ತುವುದಕ್ಕೆ ಮನಸ್ಸಾಗಲಿಲ್ಲ. ಛಾಯ್ ಅಜ್ಜಿ ತನ್ನ ಮನೆಯ ಅರ್ಧಚಂದ್ರದ ಮರದ ತುಂಡುಗಳನ್ನು ತಂದಳು. ‘ಕೇಳಿಬಿಡು. ಒಂದು ಬೋರಲು ಒಂದು ಅಂಗಾತ ಬಿದ್ರೆ ಒಪ್ಪಿದ ಅಂತ’ ಅಂದಳು. ಫಲಕದ ಮುಂದೆ ಮಂಡಿಯೂರಿ, ನಡುಮನೆಗೆ ಬರ್ತೀರಾ ಎಂದು ಕೇಳಿ ಎಸೆದೆ. ಎರಡೂ ಅಂಗಾತ. ಅಂದರೆ ನಗುತ್ತಿದ್ದಾರೆ. ಮತ್ತೆ ಎಸೆದೆ. ಮತ್ತೆ ಎರಡೂ ಅಂಗಾತ.

‘ಬದುಕಿದ್ದಾಗ ಒಂದ್ಸಲ ನಕ್ಕಿದ್ದು ಕಾಣೆ, ಈಗ ನೋಡು’ ಅಂದಳು ಅಜ್ಜಿ. ‘ನೀನು ಕೇಳೋ ಧಾಟಿ ಸರಿಯಿಲ್ಲ. ಬರ್ತೀರಾ ಅಂತ ಕೇಳ್ಬೇಡ. ಯಾಕೆ ಅಂತ ಹೇಳು.’

ಆಗ ಹೇಳಿದೆ. ನಿಮ್ಮ ಧೂಪದ ಹೊಗೆಗೆ ಬಿಲ್ಲೆ ಕಪ್ಪಾಗ್ತಿದೆ, ಸುಯಿಂಗ್ ಬರೆದಿದ್ದಾಳೆ, ನೀವು ಕದ್ದು ಹೇಳಿಕೊಟ್ಟದ್ದೂ ಗೊತ್ತಾಯ್ತು, ಇರಲಿ. ಡ್ರಾಯರಿನ ಮೇಲಿನ ಚೀಟಿ ಉಳೀಬೇಕು. ಅಷ್ಟು ಹೇಳಿ ಎಸೆದೆ. ಒಂದು ಬೋರಲು, ಒಂದು ಅಂಗಾತ.

ಫಲಕವನ್ನು ಎದೆಗೊತ್ತಿಕೊಂಡು ಅಂಗಳ ದಾಟಿದೆ. ಹದಿಮೂರು ಹೆಜ್ಜೆ. ಅಜ್ಜಿ ಮುಂದೆ ಮುಂದೆ ಹೋಗುತ್ತ, ‘ಹೊಸ್ತಿಲಿದೆ, ಯೋಂಗ್‌ಲಾಯ್, ನೋಡ್ಕೊಂಡು ಬಾ’ ಅಂದಳು. ಆ ಹೆಸರನ್ನು ಜೋರಾಗಿ ಕರೆದದ್ದು ಕೇಳಿ ಎಷ್ಟು ದಿನವಾಗಿತ್ತೋ. ನಡುಮನೆಯಲ್ಲಿ ಅತ್ತೆ ಮಾವನ ಪಕ್ಕ ಇಟ್ಟೆ. ಆಮೇಲೆ ಅಂಗಳದಲ್ಲಿ ಕೂತು ತುಂಬ ಹೊತ್ತು ಅತ್ತುಬಿಟ್ಟೆ. ಅಜ್ಜಿ ಪಕ್ಕದಲ್ಲಿ ಕೂತು ಬೀಸಣಿಗೆ ಬೀಸಿದಳು.

ಅವತ್ತೇ ಸುಣ್ಣ ಬಳಿದೆ, ಮೂರು ದಿನ ಕಿಟಕಿ ತೆರೆದಿಟ್ಟೆ, ನಿನ್ನೆ ಕಟ್ಟಿದೆ. ಬಾಗಿಲ ಸಂದು, ಜಂತೆಯ ಸಂದು ಎಲ್ಲ ಇವತ್ತು ಬೆಳಕಾದ ಮೇಲೆ ಇನ್ನೊಮ್ಮೆ ಸುಣ್ಣ ಇಟ್ಟು ಮುಚ್ಚಿದೆ. ಸೊಪ್ಪು ಇಷ್ಟು ತಡವಾಗಿ ಸಿಕ್ಕಿದ್ದೇ ಹೆಚ್ಚು. ಕೆರೆಯ ನೆರಳಿನ ಬದಿಯಲ್ಲಿ ಮಾತ್ರ ಇನ್ನೂ ಹೂ ಕೆಂಪಾಗಿರಲಿಲ್ಲ. ಇದೂ ಕೆಟ್ಟರೆ ಈ ವರ್ಷಕ್ಕೆ ಮುಗಿಯಿತು.

ನೀನು ಆ ತುಂಡನ್ನು ಕುದಿಸು. ಅವರನ್ನು ಎತ್ತಿ ನಡುಮನೆಗೆ ತಂದವಳು ನಾನು. ಒಂದು ತುಂಡು ಕುದಿಸುವುದು ನಿನ್ನ ಕೈಲಿ ಆಗುತ್ತದೆ. ಅವರು ಅದನ್ನು ಕಳಿಸಿದ್ದು ಪೆಟ್ಟಿಗೆಯಲ್ಲಿ ಇಡುವುದಕ್ಕಲ್ಲ.

ಬೀಚಿನ್


ಲಾಂಝೌ
೧೩ ಆಗಸ್ಟ್ ೧೯೮೪

ಅತ್ತಿಗೆ,

ನಿಮ್ಮ ಇಪ್ಪತ್ನಾಲ್ಕರ ಪತ್ರ ಓದಿ ನನ್ನ ಜಿಪುಣತನಕ್ಕೆ ನಾನೇ ಬೈದುಕೊಂಡೆ. ತಂತಿಗೆ ಎರಡು ಶಬ್ದ ಹೆಚ್ಚು ಹಾಕಿದ್ದರೆ ನೀವು ಅಷ್ಟು ನೋಯುತ್ತಿರಲಿಲ್ಲ. ಒಲೆಗೆ ಹಾಕುವುದಿಲ್ಲ. ಕೋಳಿಯಿಲ್ಲದ ಅಜ್ಜಿ ಅದರಲ್ಲಿದ್ದಾಳೆ.

ಐದರ ಪತ್ರ ಇವತ್ತು ಬಂತು. ಓದಿ ಮುಗಿಸಿ ಎದ್ದು ಬಾಣಲೆ ಇಟ್ಟೆ. ತುಂಡನ್ನು ಅಂಚು ಕಂದುವವರೆಗೆ ಹುರಿದೆ. ಮನೆಯವರು ಮೆಟ್ಟಿಲಲ್ಲೇ ಕೂಗಿದರು.

‘ರೊಟ್ಟಿ ಸೀದು ಹೋಯ್ತೇನೇ?’

‘ರೊಟ್ಟಿಯಲ್ಲ, ಅಣ್ಣಂದು.’

ಅವರು ಒಳಗೆ ಬಂದು ಟೋಪಿ ತೆಗೆದು ನಿಂತುಬಿಟ್ಟರು. ಪಾಪ, ಏನು ತಿಳಿದುಕೊಂಡರೋ.

ಎರಡು ಬಟ್ಟಲು ನೀರಿಗೆ ಹಾಕಿ ಒಂದಕ್ಕಿಳಿಸಿ ಕುಡಿದೆ. ಕಹಿ, ಆಮೇಲೆ ಹುಳಿ, ಕೊನೆಗೆ ಗೋಧಿ. ಒಂದು ಗಂಟೆ ಬಿಟ್ಟು ಅರ್ಧ ಬಟ್ಟಲು ನೂಡಲ್ ತಿಂದೆ. ನಿಂತಿತು. ಇನ್ನರ್ಧ ತಿಂದೆ. ಮದ್ದಿನಿಂದಲೋ, ಪತ್ರದಿಂದಲೋ, ನನಗೆ ಗೊತ್ತಿಲ್ಲ. ಮನೆಯವರು ತಮ್ಮ ಬಟ್ಟಲಿನದನ್ನೂ ನನ್ನ ಕಡೆ ತಳ್ಳಿ, ‘ತಿನ್ನು, ನಾನು ಬೆಳಿಗ್ಗೆಯಿಂದ ತಿಂದಿದ್ದೇನೆ’ ಅಂದರು. ಆ ಮಾತು ಅವರ ಬಾಯಲ್ಲಿ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಕೇಳಿದೆ.

ರಜೆ ಕೇಳಲು ಮೇಲ್ವಿಚಾರಕನ ಹತ್ತಿರ ಕಳೆದ ವಾರವೇ ಹೋಗಿದ್ದೆ, ನಿಮಗೆ ಹೇಳಿರಲಿಲ್ಲ. ತವರಿಗೆ ಹೋಗುವ ರಜೆಯ ನಮೂನೆ ತೆಗೆದ.

‘ಅಪ್ಪ ಅಮ್ಮ ಇದ್ದಾರಾ?’

‘ಇಲ್ಲ.’

‘ಮತ್ತೆ ಯಾರನ್ನ ನೋಡೋಕೆ?’

‘ಅತ್ತಿಗೆ.’

‘ಅತ್ತಿಗೆ ಇದರಲ್ಲಿಲ್ಲ.’

‘ಹಾಗಾದ್ರೆ ಬರೆದು ಸೇರಿಸಿ.’

ನನ್ನ ಮುಖ ನೋಡಿದ. ಅವನ ಮಗುವಿನ ಹೊಟ್ಟೆಯುಬ್ಬರಕ್ಕೆ ಎರಡು ಬೇಸಿಗೆ ನಾನೇ ಹುದುಗು ಕೊಟ್ಟಿದ್ದೆ. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ‘ಅತ್ತಿಗೆ’ ಎಂದು ಬರೆದು ಮುದ್ರೆ ಒತ್ತಿದ. ಹದಿನೈದು ದಿನ.

ಹತ್ತೊಂಬತ್ತರಂದು ಇಲ್ಲಿಂದ ಹೊರಡುತ್ತೇನೆ. ರೈಲು ಬದಲಿಸಿ ಫುಝೌ, ಅಲ್ಲಿಂದ ಬಸ್ಸು. ಇಪ್ಪತ್ತನಾಲ್ಕರ ಬೆಳಿಗ್ಗೆ ಸೇತುವೆಯ ಹತ್ತಿರ ಇಳಿಯುತ್ತೇನೆ.

ನಾಲ್ಕನೇ ದಿನ ಕಳೆದುಹೋಗಿದೆ. ಅಂಗಿ ತೊಟ್ಟವೋ ಇಲ್ಲವೋ ನಿಮಗೆ ಈಗ ಗೊತ್ತಿರುತ್ತದೆ. ನನಗೆ ಬರೆಯಬೇಡಿ. ಕೆಟ್ಟಿದ್ದರೂ ಬರುತ್ತೇನೆ.

ಸುಯಿಂಗ್


ಶಿಚಿಯಾವ್
೨೩ ಆಗಸ್ಟ್ ೧೯೮೪

ಸುಯಿಂಗ್,

ಮಧ್ಯಾಹ್ನ ನಾಲ್ಕು ಗಂಟೆ. ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದೆ. ಸಿಂಪಿಯೊಳಗಿನ ಮಾಂಸ ಹಾಕಿ ದೋಸೆ ಮಾಡಲು ಗೆಣಸಿನ ಹಿಟ್ಟು ಬೀಸಿಟ್ಟೆ. ಮಧ್ಯೆ ಒಂದು ಸಲ ಪೇಟೆಗೆ ಹೋಗಿ ಬಂದೆ. ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ, ನಿನ್ನ ಕೈಗೇ ಕೊಡುತ್ತೇನೆ. ಬಾಯಲ್ಲಿ ಹೇಳಹೋದರೆ ಅರ್ಧ ಉಳಿದುಬಿಡುತ್ತದೆ.

ಝುವಾಂಗ್ ಹಿರಿಯರು ನೋಡುವವರೆಗೆ ಬರೆಯಬಾರದೆಂದಿದ್ದೆ, ಅಷ್ಟರಲ್ಲಿ ಬರೆಯಬೇಡಿ ಎಂದು ನಿನ್ನ ಪತ್ರವೂ ಬಂತು. ಹದಿನೈದು ದಿನ ಒಂದು ಮಾತನ್ನು ಬಾಯಲ್ಲಿಟ್ಟುಕೊಂಡು ಓಡಾಡಿದೆ.

ನಾಲ್ಕನೇ ದಿನ ಚೀಲ ಎತ್ತಲು ಧೈರ್ಯವಾಗದೆ ಛಾಯ್ ಅಜ್ಜಿಯನ್ನು ಕರೆದೆ. ಅವಳು ಹೊಸ್ತಿಲಲ್ಲೇ ನಿಂತು ಮೂಗು ಅರಳಿಸಿ, ‘ಎತ್ತೋದು ಬೇಡ ಕಣೇ, ನಿಮ್ಮತ್ತೆ ಒಳಗೆ ಕೂತ ಹಾಗಿದೆ’ ಅಂದಳು. ಆ ವಾಸನೆ ನನಗೂ ಬಂದಿತ್ತು, ನಂಬಿರಲಿಲ್ಲ. ಎಲೆ ಸರಿಸಿದೆ. ಎಲ್ಲವೂ ಹಳದಿ ಸುಯಿಂಗ್. ಕೋಳಿಮರಿಯ ಮೈಯಂತೆ, ಅಂಚಿನಿಂದ ಅಂಚಿಗೆ. ಬಾಗಿಲ ಕಡೆಯ ಎರಡು ಬಿಲ್ಲೆ ಮಾತ್ರ ಸ್ವಲ್ಪ ತೇಪೆ ತೇಪೆ. ಅಲ್ಲಿ ಗಾಳಿ ತಾಗಿರಬೇಕು. ನಡುಮನೆಗೆ ಹೋಗಿ ಅವರಿಗೆ ಹೇಳಿದೆ. ಅವತ್ತು ಧೂಪ ಹಚ್ಚಿ, ಎದ್ದು ನಡುಮನೆಯ ಕಿಟಕಿಯನ್ನೂ ತೆರೆದಿಟ್ಟೆ. ಇನ್ನು ಮೇಲೆ ಹಾಗೆಯೇ.

ಒಣಗಿದ ಮೇಲೆ ಇವತ್ತು ನಾಲ್ಕು ಬಿಲ್ಲೆ ಹಿಡಿದು ಮದ್ದಿನಂಗಡಿಗೆ ಹೋದೆ. ಝುವಾಂಗ್ ಹಿರಿಯರು ಒಂದನ್ನು ಕಿವಿಯ ಹತ್ತಿರ ಹಿಡಿದು ಮುರಿದರು, ಮೂಸಿದರು, ಚೂರು ನಾಲಿಗೆಗೆ ಇಟ್ಟು ಕಣ್ಣು ಮುಚ್ಚಿದರು. ನಾನು ನೆಲ ನೋಡುತ್ತ ನಿಂತಿದ್ದೆ.

‘ಸೊಪ್ಪು ಯಾರು ಕೊಯ್ದಿದ್ದು?’

‘ನಾನೇ.’

‘ಯೋಂಗ್‌ಲಾಯ್ ಹೇಳಿಕೊಟ್ಟಿದ್ನಾ?’

‘ಇಲ್ಲ. ನನ್ನ ನಾದಿನಿ, ಲಾಂಝೌದವಳು.’

‘ನಿಮ್ಮನೇಲಿ ಮಗಳಿಗೆ ಹೇಳ್ಬಾರ್ದು ಅಂತ ಇತ್ತಲ್ಲ?’

‘ಅವಳಿಗೆ ನಾನು ಹೇಳ್ಲಿಲ್ಲ. ಅವಳೇ ನನಗೆ ಹೇಳಿದ್ದು.’

ಅವರು ಬಹಳ ಹೊತ್ತು ನಕ್ಕರು. ಆಮೇಲೆ ಡ್ರಾಯರ್ ಎಳೆದು ತಳದ ಧೂಳು ಒರೆಸಿ, ‘ಚೀಟಿ ಮಾಸಿದೆ. ಹೊಸದು ಬರೆದುಕೊಡು. ಹಬ್ಬಕ್ಕೆ ಮುಂಚೆ ಇನ್ನೂ ಒಂದು ಬುಟ್ಟಿ ಬೇಕು’ ಅಂದರು. ಹಳೆಯ ಚೀಟಿ ಕೀಳಬೇಡಿ, ಅದರ ಮೇಲೆಯೇ ಅಂಟಿಸುತ್ತೇನೆ ಎಂದೆ. ಹೊಸ ಚೀಟಿ ಇನ್ನೂ ಬರೆದಿಲ್ಲ. ನಿನ್ನ ಅಕ್ಷರ ನನ್ನದಕ್ಕಿಂತ ಚೆನ್ನಾಗಿದೆ.

ಈ ವರ್ಷಕ್ಕೆ ಸೊಪ್ಪು ಮುಗಿಯಿತು ಎಂದುಕೊಂಡಿದ್ದೆ, ಕೆರೆಯ ನೆರಳಿನ ಬದಿಯಲ್ಲಿ ಕೊಯ್ದ ಕಡೆಯೇ ಇನ್ನೊಂದು ಸಲ ಕಟ್ಟುವಷ್ಟು ಖಾರದ ಸೊಪ್ಪು ಮತ್ತೆ ಚಿಗುರಿದೆ. ಹೂ ಇನ್ನೂ ಬೆಳ್ಳಗಿದೆ. ತುಳಿಯುವುದಕ್ಕೆ ಛಾಯ್ ಅಜ್ಜಿ ಒಲ್ಲೆ ಅನ್ನುತ್ತಾಳೆ, ಮಂಡಿ ನೋವಂತೆ. ಕೋಣೆಯ ಬಾಗಿಲಿಗೆ ಬೀಗ ಹಾಕುವುದನ್ನು ಬಿಟ್ಟಿದ್ದೇನೆ. ಬೀಗದಕೈ ಅಡುಗೆಮನೆಯ ಮೊಳೆಯಲ್ಲಿದೆ.

ಅಂಗಳದಲ್ಲಿ ಇನ್ನೂ ಎರಡು ತಟ್ಟೆ ಬಿಲ್ಲೆ ಒಣಗುತ್ತಿವೆ. ನಾಳೆ ಬೆಳಿಗ್ಗೆ ಅವನ್ನು ಮಗುಚಿ ಹಾಕಬೇಕು. ನಿನ್ನ ಬಸ್ಸು ಹನ್ನೊಂದು ಗಂಟೆಗೆ.

ಬೀಚಿನ್